ಪ್ರಶ್ನಾರ್ಥಕ ಚಿಹ್ನೆಯೊಂದನ್ನೇ ಬಲ್ಲ ಎಡ್ ಅವರಿಗೆ

ಯುನಿಕ್ಸ್ ಯಂತ್ರಗಳ ಅತಿ ಹಿರಿಯ ಎಡಿಟರರೂ ಮಿತಭಾಷಿಗಳ ಕುಲತಿಲಕರೂ ಆದ ಎಡ್ ಅವರ ಸನ್ನಿಧಿಗೆ, ಕಣ್ಣಾಸ್ಪತ್ರೆಯ ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಫೈಲು ತಿದ್ದಲು ಯಾವ ಎಡಿಟರ್ ತಂತ್ರಾಂಶ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಲು ನಮ್ಮಲ್ಲೊಂದು ಸಮಿತಿ ಮೂರು ಸಲ ಸೇರಿ, ಎರಡು ಸಲ ಚಹಾ ಕುಡಿದು, ಒಂದು ಸಲ ಜಗಳವಾಡಿದ್ದು ತಮಗೆ ತಿಳಿದಿರಲಾರದು. ಬಣ್ಣವುಂಟು, ಬಟನ್ನುಂಟು, ತಪ್ಪಿದರೆ ತಿದ್ದುವ ಗುಣವುಂಟು ಎಂದು ಹೊಸ ಎಡಿಟರೊಂದರ ಪರ ವಾದಿಸಿ ನಾನೇ ಗೆದ್ದೆ. ಈ ಕುರ್ಚಿಯಿಂದ ನಿವೃತ್ತರಾದ ಹಿರಿಯರು ಮಾತ್ರ, “ದಿನಾ ಬಳಸೋಕೆ ಯಾವುದಾದ್ರೂ ಇಟ್ಕೋ ತಮ್ಮಾ, ಯಂತ್ರ ಮಲಗಿದ ದಿನ ಜೊತೆಗೆ ಯಾರಿರ್ತಾರೆ ನೋಡ್ಕೋ” ಎಂದಿದ್ದರು.

ಯಂತ್ರ ಮಂಗಳವಾರ ಬೆಳಿಗ್ಗೆ ಮಲಗಿತು. ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಹೇಳುವ ಫೈಲಿನ ಏಳನೇ ಸಾಲಿನಲ್ಲಿ ನಾನು ಒಂದಕ್ಷರ ತಪ್ಪಿದ್ದೇ ಕಾರಣ. ನನ್ನ ಬಣ್ಣದ ಎಡಿಟರ್ ಇದ್ದದ್ದು ಸಿಗದೆ ಹೋದ ಡಿಸ್ಕಿನಲ್ಲಿ. ಅಂದು ಶಸ್ತ್ರಚಿಕಿತ್ಸೆಯಾಗಬೇಕಿದ್ದ ಹನ್ನೊಂದು ಜನರ ಲೆನ್ಸಿನ ಅಳತೆಗಳೂ ಅಲ್ಲೇ. ಆ ಹನ್ನೊಂದು ಜನ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಹನ್ನೊಂದೂವರೆಯೊಳಗೆ ಅಳತೆ ಸಿಗದಿದ್ದರೆ ಎಲ್ಲರನ್ನೂ ಮನೆಗೆ ಕಳಿಸುವುದಾಗಿ ಡಾಕ್ಟರಮ್ಮ ಹೇಳಿಹೋದರು. ದುರಸ್ತಿಯ ಕಪ್ಪು ಪರದೆಯಲ್ಲಿ ನನಗೆ ಉಳಿದವರು ತಾವೊಬ್ಬರೇ.

ತಮ್ಮ ಸೌಜನ್ಯವನ್ನು ಎಷ್ಟು ಹೊಗಳಲಿ! ಸಹಾಯ ಬೇಡಿದೆ, ‘?’ ಎಂದಿರಿ. ಹೊರಗೆ ಬಿಡಿ ಎಂದೆ, ‘?’ ಎಂದಿರಿ. ಕೊನೆಗೆ ಅಕ್ಷರಾಭ್ಯಾಸಕ್ಕೆ ಕೂತವನಂತೆ ಇಂಗ್ಲಿಷ್ ವರ್ಣಮಾಲೆಯ ಮೊದಲಕ್ಷರ ‘a’ ಒಂದನ್ನೇ ಒತ್ತಿದಾಗ ತಾವು ಸುಮ್ಮನಾದಿರಿ. ಮೌನವನ್ನು ಸಮ್ಮತಿಯೆಂದು ಬಗೆದ ಮೂಢ ನಾನು, ಮೊದಲು ಆಜ್ಞೆಗಳನ್ನು, ಬಳಿಕ ಬಿನ್ನಹಗಳನ್ನು, ಕಡೆಗೆ ತಮ್ಮ ವಂಶದ ಬಗ್ಗೆ ನಾಲ್ಕು ಮಾತುಗಳನ್ನು ಟೈಪಿಸಿದೆ. ತಾವು ಒಂದಕ್ಕೂ ಎದುರಾಡಲಿಲ್ಲ. ಇಪ್ಪತ್ತು ನಿಮಿಷಗಳಾದ ಮೇಲೆ ನಾಚಿಕೆ ಬಿಟ್ಟು ಹಿರಿಯರಿಗೆ ಫೋನು ಮಾಡಿದೆ. “ಅವನು ಒಪ್ಕೊಂಡಿಲ್ಲ ತಮ್ಮಾ, ‘a’ ಅಂದ್ರೆ ಬರ್ಕೋ ಅಂತ, ಬರ್ಕೋತಿದಾನೆ. ನೀನು ಬೈದಿದ್ದೆಲ್ಲ ಫೈಲಿಗೆ ಸೇರ್ತಿದೆ. ಒಂದು ಸಾಲಲ್ಲಿ ಬರೀ ಚುಕ್ಕಿ ಇಡು, ನಿಲ್ಲಿಸ್ತಾನೆ” ಎಂದರು.

ಚುಕ್ಕಿ ಇಟ್ಟೆ. ಹೊರಡುತ್ತೇನೆಂದೆ, ಉಳಿಸದೆ ಹೊರಟೆಯಾ ಎಂಬ ಕಾಳಜಿಯಿಂದ ತಾವು ಮತ್ತೊಮ್ಮೆ ‘?’ ಎಂದಿರಿ, ಇನ್ನೊಮ್ಮೆ ಹೇಳಿದಾಗ ಬೈಗುಳವನ್ನೆಲ್ಲ ಬಿಸಾಕಿ ಬಾಗಿಲು ತೆರೆದಿರಿ. ಹಿರಿಯರು ಹೇಳಿಕೊಟ್ಟಂತೆ ಮತ್ತೆ ಒಳಬಂದು, ಏಳನೇ ಸಾಲು ಕರೆದು, ಅಕ್ಷರ ಸರಿಪಡಿಸಿ ಉಳಿಸಿದಾಗ ತಾವು ಒಂದು ಸಂಖ್ಯೆ ಹೇಳಿದಿರಿ. ಅದು ಫೈಲಿನ ಗಾತ್ರವಂತೆ. ಶಹಬ್ಬಾಸ್ ಎಂಬುದಕ್ಕೆ ತಮ್ಮ ಮನೆಯಲ್ಲಿ ಹಾಗೇ ಹೇಳುತ್ತಾರೆಂದು ತಿಳಿದುಕೊಂಡೆ. ಯಂತ್ರ ಎದ್ದಾಗ ಹನ್ನೊಂದು ಇಪ್ಪತ್ತಾರು. ಹನ್ನೊಂದು ಜನರಿಗೂ ಲೆನ್ಸು ಕೂತಿತು.

ಆದ್ದರಿಂದ, ಸುಖಕ್ಕೆ ಕರೆಯದಿದ್ದರೂ ಕಷ್ಟಕ್ಕೆ ಕೈಬಿಡದ ದೊಡ್ಡಪ್ಪನಂಥ ತಮ್ಮೊಂದಿಗೆ ನಮ್ಮ ಕೋಣೆಯವರೆಲ್ಲ ದಿನಕ್ಕೆ ಅರ್ಧ ಗಂಟೆ ಕಳೆಯಬೇಕೆಂದು ಸಮಿತಿಗೆ ಬರೆದಿದ್ದೇನೆ. ಪ್ರತಿಯಾಗಿ ತಮ್ಮಲ್ಲಿ ನನ್ನದು ಒಂದೇ ಅರಿಕೆ: ಮುಂದಿನ ಸಲ ನಾನು ಬೈಯುವುದನ್ನು ಬರೆದುಕೊಳ್ಳುವ ಮುನ್ನ ದಯವಿಟ್ಟು ಒಮ್ಮೆ ಕೆಮ್ಮಬೇಕು.

ಬೇರೆ ದಾರಿಯಿಲ್ಲದೆ
ತಮ್ಮ ವಿಶ್ವಾಸಿ,
ಏಳನೇ ಸಾಲಿನ ಅಪರಾಧಿ

ತಾ.ಕ.: ಮರುದಿನ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡ ಅಜ್ಜಿಯೊಬ್ಬರು ನನ್ನ ಕೋಣೆಗೆ ಇಣುಕಿದರು. ನಾನು ತಮ್ಮೊಂದಿಗೆ ಅಭ್ಯಾಸದಲ್ಲಿದ್ದೆ. ಪರದೆಯನ್ನು ಬಹಳ ಹೊತ್ತು ದಿಟ್ಟಿಸಿ, “ಏನೂ ಕಾಣಿಸ್ತಿಲ್ಲವಲ್ಲಪ್ಪಾ” ಎಂದು ಗಾಬರಿಯಾದರು. ಕಣ್ಣು ಸರಿಯಾಗಿದೆ, ಇರುವುದೇ ಅಷ್ಟು ಎಂದು ನಂಬಿಸಲು ಡಾಕ್ಟರಮ್ಮನನ್ನೇ ಕರೆಸಬೇಕಾಯಿತು.