ಹಿಮಾಚಲಕ್ಕೆ ಹೊರಟು ಶಿರಿಯದಲ್ಲಿ ಜಾರಿದ್ದು

ಜಾರುವುದಕ್ಕೂ ತರಬೇತಿ ಬೇಕು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಆಟಿ ತಿಂಗಳ ಮಳೆಗೆ ನಮ್ಮ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಅದರ ಮೇಲೆ ನಾನು ವರ್ಷಕ್ಕೆ ನಾಲ್ಕು ಸಲವಾದರೂ, ಯಾವ ಗುರುವಿನ ಸಹಾಯವೂ ಇಲ್ಲದೆ, ಬಾವಿಕಟ್ಟೆಯಿಂದ ತುಳಸಿಕಟ್ಟೆಯವರೆಗೆ ಜಾರಿದವನು. ಹಾಗಿರುವಾಗ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು ಯಾವ ಘನಕಾರ್ಯ?

ನನ್ನ ಹೆಸರು ಗಣಪತಿ ಭಟ್ಟ. ಹೊಟ್ಟೆಯೂ ಹೆಸರಿಗೆ ತಕ್ಕ ಹಾಗೆಯೇ ಇದೆ. ಬದಿಯಡ್ಕ ಪೇಟೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನನ್ನದು. ಹೆಂಡತಿ ಶೈಲಜಾ ಹತ್ತಿರದ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, "ನಿನಗೆ ಎಂತ ಬೇಕು, ಕೇಳು" ಎಂದು ನಾನು ವರ ಕೊಡುವ ದೇವರ ಭಂಗಿಯಲ್ಲಿ ಕೇಳಿದೆ. ಬಳೆ, ಸೀರೆ ಎನ್ನಬಹುದು ಎಂದುಕೊಂಡಿದ್ದೆ.

"ನನಗೆ ಹಿಮ ನೋಡ್ಬೇಕು" ಎಂದಳು ಅವಳು. "ಪ್ರತಿ ವರ್ಷ ಮಕ್ಕಳಿಗೆ ಹತ್ತಿ ಅಂಟಿಸಿ ಹಿಮದ ಬೆಟ್ಟ ತೋರಿಸ್ತೇನೆ. ಮುಟ್ಟಿದ್ರೆ ಹೇಗಿರ್ತದೆ ಟೀಚರ್ ಅಂತ ಕೇಳ್ತಾವೆ. ನನಗೆಂತ ಗೊತ್ತು?"

"ಬರೀ ನೋಡುವುದಾ? ಅದರ ಮೇಲೆ ಸ್ಕೀಯಿಂಗೇ ಮಾಡುವಾ!" ಎಂದು ನಾನು ಘೋಷಿಸಿದೆ.

ಎಲ್ಲರೂ ಹೋಗುವ ದೊಡ್ಡ ಜಾಗಗಳು ನನಗೆ ಬೇಡವಾಗಿದ್ದವು. ಅಲ್ಲಿ ನೂಕುನುಗ್ಗಲು, ದುಬಾರಿ ಎಂದೆಲ್ಲ ಹೆಂಡತಿಗೆ ವಿವರಿಸಿದೆ. ನಿಜವಾದ ಕಾರಣ ಬೇರೆ. ಸಣ್ಣ ಜಾಗದಲ್ಲಿ ಬಿದ್ದರೆ ನೋಡುವವರು ಕಡಿಮೆ! ಹಾಗಾಗಿ ಯಾರಿಗೂ ಗೊತ್ತಿಲ್ಲದ ಸ್ಕೀಯಿಂಗ್ ಜಾಗಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಲು ಕುಳಿತೆ. ಪಿಂಚಣಿಯ ಅರ್ಜಿ ಹಿಡಿದುಕೊಂಡು ಬಂದವರೆಲ್ಲ ಬೆಂಚಿನ ಮೇಲೆ ಕಾದರು. ಮೂರು ದಿನದ ತಪಸ್ಸಿನ ನಂತರ ಹಿಮಾಚಲದ ಒಂದು ಹಳ್ಳಿ ಒಲಿಯಿತು. ಒಂದು ಇಳಿಜಾರು, ಮೇಲಕ್ಕೆ ಎಳೆಯಲು ಒಂದು ಹಗ್ಗ, ಉಳಿದುಕೊಳ್ಳಲು ನಾಲ್ಕು ಕೋಣೆಯ ಒಂದು ವಸತಿಗೃಹ. ಇಡೀ ಇಂಟರ್ನೆಟ್ಟಿನಲ್ಲಿ ಆ ಜಾಗದ ಬಗ್ಗೆ ಇದ್ದದ್ದು ಒಂದೇ ಅಭಿಪ್ರಾಯ: "ನಾಯಿ ಒಳ್ಳೆಯದು."

ವಸತಿಗೃಹದ ಮಾಲೀಕರಿಗೆ ಫೋನ್ ಮಾಡಿದೆ. ಹಿಂದಿಯಲ್ಲಿ ನಾನು ಎಂಟನೇ ತರಗತಿಯಲ್ಲಿ ಮೂವತ್ತೈದು ಅಂಕ ಪಡೆದವನು. "ಕ್ರಿಸ್ಮಸ್ ರಜೆಯಲ್ಲಿ ಹಿಮ ಬೀಳುತ್ತದೆಯೇ?" ಎಂಬುದನ್ನು ಬೆವರು ಸುರಿಸಿ ಕೇಳಿದೆ. ಅವರು ಐದು ನಿಮಿಷ ನಿರರ್ಗಳವಾಗಿ ಮಾತನಾಡಿದರು. ನಾನು "ಹಾಂ ಜೀ, ಹಾಂ ಜೀ" ಎನ್ನುತ್ತಾ ಹೋದೆ.

"ಎಂತ ಹೇಳಿದ್ರು?" ಎಂದಳು ಶೈಲಜಾ.

"ಹಿಮ ಉಂಟಂತೆ."

"ಉಂಟು ಅಂತ ಹೇಳ್ಲಿಕ್ಕೆ ಐದು ನಿಮಿಷವಾ?"

"ತುಂಬಾ ಉಂಟಂತೆ!"

ನಮ್ಮ ಜೊತೆಗೆ ಬರಲು ನೆರೆಮನೆಯ ವಿಶ್ವಣ್ಣ ಮತ್ತು ಅವರ ಹೆಂಡತಿ ಲಲಿತಕ್ಕ ಒಪ್ಪಿದರು. ವಿಶ್ವಣ್ಣ ಬರುವುದೆಂದರೆ ಆನೆಬಲ ಬಂದ ಹಾಗೆ. ಏಕೆಂದರೆ ಅವರು ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದ್ದವರು. ಅಲ್ಲಿಯ ಒಂದು ದೊಡ್ಡ ಮಾಲಿನೊಳಗೆ ಯಂತ್ರದಿಂದ ಹಿಮ ಬೀಳಿಸಿ ಜನರನ್ನು ಸ್ಕೀಯಿಂಗ್ ಮಾಡಿಸುತ್ತಾರಂತೆ. ವಿಶ್ವಣ್ಣನಿಗೆ ಅಲ್ಲೇ ಕೆಲಸ. "ಮರುಭೂಮಿಯಲ್ಲಿ ಹಿಮ ಕಂಡವ ನಾನು ಭಟ್ರೇ. ನೀವು ಹೆದರ್ಬೇಡಿ" ಎಂದು ಅವರು ಅಭಯ ಕೊಟ್ಟರು.

ರೈಲಿನ ಟಿಕೆಟ್ ಬುಕ್ ಆಯಿತು. ನಾಲ್ಕು ಜನರ ಹೆಸರನ್ನು ನಾನೇ ತುಂಬಿದೆ, ಒಂದು ತಪ್ಪೂ ಇಲ್ಲದೆ! ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಆದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಸ್ವೆಟರ್ ತರಲು ಕಾಸರಗೋಡಿಗೆ ಹೋದೆವು. ಅಂಗಡಿಯವನು ನನ್ನ ಹೊಟ್ಟೆಯನ್ನು ಕನಿಕರದಿಂದ ನೋಡಿದ. "ನಮ್ಮಲ್ಲಿ ಸ್ವೆಟರ್ ಉಂಟು ಸಾರ್. ಆದ್ರೆ ಈಗ ಹುಟ್ಟಿದವರಿಗೆ ಮಾತ್ರ" ಎಂದ. ಕೊನೆಗೆ ರೈನ್‌ಕೋಟು, ಮಂಗನ ಟೋಪಿ, ಉಣ್ಣೆಯ ಕಾಲುಚೀಲ ಎಂದು ತೀರ್ಮಾನವಾಯಿತು.

ಹೊರಡಲು ಒಂಬತ್ತು ದಿನ ಇರುವಾಗ ವಿಶ್ವಣ್ಣ ಗಂಭೀರವಾಗಿ ಬಂದು ಜಗಲಿಯಲ್ಲಿ ಕುಳಿತರು.

"ಭಟ್ರೇ, ಒಮ್ಮೆಲೇ ಹೋಗಿ ಹಿಮದಲ್ಲಿ ನಿಂತರೆ ಆಗ್ಲಿಕ್ಕಿಲ್ಲ. ಒಂದು ಟ್ರಯಲ್ ಬೇಕು."

"ಬದಿಯಡ್ಕದಲ್ಲಿ ಹಿಮ ಎಲ್ಲಿಂದ ತರುವುದು ಮಾರಾಯ್ರೆ?"

"ಶಿರಿಯದಲ್ಲಿ ನಮ್ಮ ಮೊಯ್ದಿನಿಚ್ಚನ ಐಸ್ ಪ್ಲಾಂಟ್ ಉಂಟಲ್ಲ!"

ಮೊಯ್ದಿನಿಚ್ಚ ವಿಶ್ವಣ್ಣನ ಹಳೆಯ ಸ್ನೇಹಿತರು. ಶಿರಿಯದ ಕಡಲ ಬದಿಯಲ್ಲಿ ದೋಣಿಯವರ ಮೀನು ಕೆಡದ ಹಾಗೆ ಐಸ್ ಮಾಡಿ ಕೊಡುವುದು ಅವರ ವ್ಯಾಪಾರ. ಶೈಲಜಾ ಒಂದೇ ಮಾತು ಹೇಳಿದಳು: "ಐಸ್ ಬೇರೆ, ಹಿಮ ಬೇರೆ." ಒಂದನೇ ತರಗತಿಯ ಟೀಚರಿಗೆ ವಿಜ್ಞಾನದ ಸೂಕ್ಷ್ಮಗಳು ತಿಳಿಯುವುದಿಲ್ಲ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ವಿಶ್ವಣ್ಣ ಒಣಗಿದ ಅಡಿಕೆ ಮರವೊಂದನ್ನು ಸೀಳಿ ಎರಡು ಉದ್ದದ ಹಲಗೆ ತಯಾರಿಸಿದರು. ಅದರ ಮೇಲೆ ನನ್ನ ಹಳೆಯ ಚಪ್ಪಲಿಗಳನ್ನು ಮೊಳೆ ಹೊಡೆದು ಕೂರಿಸಿದರು. ಹಲಗೆಯ ತಳಕ್ಕೆ ತೆಂಗಿನೆಣ್ಣೆ ಹಚ್ಚಿದರು. ಕೈಯಲ್ಲಿ ಊರಲು ಎರಡು ಕೋಲು ಬೇಕಲ್ಲ? ಮನೆಯಲ್ಲಿದ್ದ ಎರಡು ಉದ್ದದ ಕೊಡೆಗಳನ್ನು ಹಿಡಿದುಕೊಂಡೆ.

ಆದಿತ್ಯವಾರ ಹನ್ನೊಂದು ಗಂಟೆಯ ಸುಡುಬಿಸಿಲಿನಲ್ಲಿ ರೈನ್‌ಕೋಟು, ಮಂಗನ ಟೋಪಿ ಧರಿಸಿ, ಎರಡು ಕೊಡೆ ಹಿಡಿದು ನಾನು ಆಟೋ ಹತ್ತಿದೆ. ಡ್ರೈವರ್ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ನನ್ನ ಹೆಂಡತಿಯನ್ನು ನೋಡಿದ. ಮೆಲ್ಲಗೆ, "ಆಸ್ಪತ್ರೆಗಾ ಅಕ್ಕ?" ಎಂದು ಕೇಳಿದ.

"ಈಗ ಅಲ್ಲ" ಎಂದಳು ಅವಳು.

ಐಸ್ ಪ್ಲಾಂಟಿನಲ್ಲಿ ಮೊಯ್ದಿನಿಚ್ಚ ನಮ್ಮನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು. "ಭಟ್ರು ನಮ್ಮಲ್ಲಿಗೆ ಬರುವುದು ಅಂದ್ರೆ! ಕೂತುಕೊಳ್ಳಿ. ಮೀನಿನ ವಾಸನೆ ಸ್ವಲ್ಪ ಉಂಟು, ಕ್ಷಮಿಸ್ಬೇಕು" ಎಂದರು. ವಿಷಯ ತಿಳಿದ ಮೇಲೆ ಒಂದು ನಿಮಿಷ ನನ್ನ ಹಲಗೆಗಳನ್ನೇ ನೋಡುತ್ತಾ ನಿಂತರು. "ಅಲ್ಲ ಭಟ್ರೇ, ನಮ್ಮ ಕೆಲಸದವರು ಇಲ್ಲಿ ಜಾರಬಾರದು ಅಂತ ನಾನು ದಿನಾ ಬೊಬ್ಬೆ ಹಾಕ್ತೇನೆ. ನೀವು ಜಾರ್ಲಿಕ್ಕೇ ಬಂದದ್ದಾ?"

ಆದರೂ ದೊಡ್ಡ ಮನಸ್ಸಿನವರು. ಮೀನಿನ ಪೆಟ್ಟಿಗೆಗಳನ್ನು ಇಳಿಸಲು ಮಾಡಿದ ಸಿಮೆಂಟಿನ ಇಳಿಜಾರಿನ ಮೇಲೆ ಪುಡಿಮಾಡಿದ ಐಸನ್ನು ದಪ್ಪಕ್ಕೆ ಹರಡಿಸಿಕೊಟ್ಟರು. ಅಷ್ಟರಲ್ಲಿ ಸುದ್ದಿ ಹರಡಿತು. ದೋಣಿಯಿಂದ ಇಳಿದವರು, ಬಲೆ ಹೊಲಿಯುತ್ತಿದ್ದವರು, ಮೀನು ಕೊಳ್ಳಲು ಬಂದವರು, ಎಲ್ಲರೂ ಇಳಿಜಾರಿನ ಎರಡು ಬದಿಗೆ ಸಾಲಾಗಿ ನಿಂತರು. ಯಾರೂ ನೋಡದ ಜಾಗ ಬೇಕು ಎಂದು ಹಿಮಾಲಯದಲ್ಲಿ ಹುಡುಕಿದವನಿಗೆ ಶಿರಿಯದಲ್ಲಿ ಇಡೀ ಕಡಲ ತೀರವೇ ಪ್ರೇಕ್ಷಕರು!

"ಮೊದಲು ನೀವು ಮಾಡಿ ತೋರಿಸಿ ವಿಶ್ವಣ್ಣ" ಎಂದೆ.

"ಗುರುವಾದವ ಹಿಂದೆ ನಿಂತು ನೋಡ್ಬೇಕು ಭಟ್ರೇ. ಮೊಣಕಾಲು ಮಡಚಿ. ಮುಂದೆ ನೋಡಿ. ಉಸಿರು ಬಿಡಿ."

ನಾನು ಮೂರನ್ನೂ ಮಾಡಿದೆ. ಉಸಿರು ಬಿಟ್ಟದ್ದೇ ತಪ್ಪಾಯಿತು. ಹಲಗೆಗಳು ಅಪ್ಪಣೆಗೆ ಕಾಯದೆ ಹೊರಟವು.

ಮೊದಲ ಒಂದು ಕ್ಷಣ ಅದ್ಭುತವಾಗಿತ್ತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಆಮೇಲೆ ಒಂದು ಮೂಲಭೂತ ಪ್ರಶ್ನೆ ಹೊಳೆಯಿತು.

"ವಿಶ್ವಣ್ಣಾ! ನಿಲ್ಲಿಸುವುದು ಹೇಗೆ?"

ಹಿಂದಿನಿಂದ ಗುರುವಿನ ಆರ್ತನಾದ ಕೇಳಿತು: "ಅದು ನನಗೆ ಗೊತ್ತಿಲ್ಲ ಭಟ್ರೇ! ನಾನು ಒಳಗೆ ಹೋಗ್ಲೇ ಇಲ್ಲ! ನಾನು ಇದ್ದದ್ದು ಹೊರಗೆ, ಶೂ ಕೊಡುವ ಕೌಂಟರಿನಲ್ಲಿ!"

ಇಪ್ಪತ್ತು ವರ್ಷದ ರಹಸ್ಯ ಹೊರಬರಲು ಇದಕ್ಕಿಂತ ಕೆಟ್ಟ ಗಳಿಗೆ ಇರಲಿಕ್ಕಿಲ್ಲ. ನಾನು ಕೊಡೆಗಳನ್ನು ನೆಲಕ್ಕೆ ಊರಿದೆ. ಬಲಗೈಯ ಕೊಡೆಯ ಗುಂಡಿ ಒತ್ತಿಹೋಗಿ ಅದು ಫಟ್ಟನೆ ಬಿಚ್ಚಿಕೊಂಡಿತು. ಈಗ ಮುಂದೆ ಏನೂ ಕಾಣಿಸುತ್ತಿರಲಿಲ್ಲ. ಕಡಲ ಗಾಳಿ ಕೊಡೆಯೊಳಗೆ ಹೊಕ್ಕು ನನ್ನನ್ನು ಅರ್ಧ ಸುತ್ತು ತಿರುಗಿಸಿತು. ಹೀಗಾಗಿ ನಾನು ಹಿಮ್ಮುಖವಾಗಿ, ಪ್ರೇಕ್ಷಕರಿಗೆ ಅನಿವಾರ್ಯವಾಗಿ ಮುಖ ತೋರಿಸುತ್ತಾ, ಇಳಿಜಾರು ಮುಗಿಸಿ, ತೂಕದ ಯಂತ್ರವನ್ನು ದಾಟಿ, ಬೂತಾಯಿ ಮೀನಿನ ರಾಶಿಯೊಳಗೆ ಕುಳಿತೆ. ನಮ್ಮ ವಂಶದಲ್ಲಿ ಮೀನಿನೊಂದಿಗೆ ಇಷ್ಟು ನಿಕಟ ಸಂಪರ್ಕ ಬೆಳೆಸಿದವನು ನಾನೇ ಮೊದಲು.

ಚಪ್ಪಾಳೆ ಬಿತ್ತು. ಒಬ್ಬ "ಇನ್ನೊಮ್ಮೆ!" ಎಂದು ಕೂಗಿದ. ನಾನು ಏಳಲು ನೋಡಿದೆ. ಎಡಗಾಲು ಒಪ್ಪಲಿಲ್ಲ.

ಮೊದಲು ಓಡಿ ಬಂದವಳು ಶೈಲಜಾ. ಬಯ್ಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮಂಗನ ಟೋಪಿಯಿಂದ ಒಂದು ಬೂತಾಯಿಯನ್ನು ಹೊರತೆಗೆದು, "ನೋವುಂಟಾ?" ಎಂದು ಕೇಳಿದಳು. ಹಲಗೆಯ ಚಪ್ಪಲಿಯಿಂದ ನನ್ನ ಕಾಲನ್ನು ಮೆಲ್ಲ ಬಿಡಿಸಿದಳು. ಅದನ್ನು ಕಂಡು ನನಗೆ ಕಾಲಿಗಿಂತ ಹೆಚ್ಚಾಗಿ ಬೇರೆಲ್ಲೋ ನೋವಾಯಿತು.

ಮೊಯ್ದಿನಿಚ್ಚ ತಡಮಾಡಲಿಲ್ಲ. ತಮ್ಮ ಮೀನಿನ ಟೆಂಪೋದಲ್ಲಿ, ಐಸ್ ತುಂಬಿದ ಪೆಟ್ಟಿಗೆಗಳ ನಡುವೆ ನನ್ನನ್ನು ಮಲಗಿಸಿದರು. "ಕಾಲು ಐಸಲ್ಲೇ ಇರಲಿ ಭಟ್ರೇ, ಬೀಗುವುದಿಲ್ಲ. ನಮ್ಮ ಮೀನು ಹೀಗೆಯೇ ಎಷ್ಟೋ ದೂರ ಹೋಗ್ತದೆ, ಎಂತ ಆಗುವುದಿಲ್ಲ" ಎಂದು ಧೈರ್ಯ ಹೇಳಿದರು. ಕಾಸರಗೋಡಿನ ಡಾಕ್ಟರು ಕಾಲನ್ನು ನೋಡಿ, ಮೂಗು ಮುಚ್ಚಿಕೊಂಡು, "ಕೂಡಲೇ ಐಸ್ ಇಟ್ಟದ್ದು ಒಳ್ಳೆಯದಾಯಿತು" ಎಂದರು. ಮೂಳೆಯಲ್ಲಿ ಬಿರುಕು. ಆರು ವಾರ ಪ್ಲಾಸ್ಟರ್.

ಮನೆಯಲ್ಲಿ ಮಂಚದ ಮೇಲೆ ಮಲಗಿ ನಾನು ತ್ಯಾಗಮಯಿಯ ಧ್ವನಿಯಲ್ಲಿ ಹೇಳಿದೆ: "ಟಿಕೆಟ್ ಎಲ್ಲ ಕ್ಯಾನ್ಸಲ್ ಮಾಡುವಾ. ಮುಂದಿನ ವರ್ಷ ನೋಡುವಾ."

ಶೈಲಜಾ ಕಿಟಕಿಯ ಹತ್ತಿರ ನಿಂತು ರೈನ್‌ಕೋಟು ಮಡಚುತ್ತಿದ್ದಳು. ಮಡಚಿದ್ದನ್ನು ಚೀಲದೊಳಗೆ ಇಟ್ಟಳು.

"ಎಲ್ಲದಕ್ಕೂ ಮುಂದಿನ ವರ್ಷ ಅಂತ ನೀವು ಮದುವೆಯಾದ ವರ್ಷದಿಂದ ಹೇಳ್ತಾ ಇದ್ದೀರಿ" ಎಂದಳು. "ನನ್ನ ಅಕ್ಕನಿಗೆ ಫೋನ್ ಮಾಡಿದ್ದೇನೆ. ಅವಳು ಬಂದು ನಿಮ್ಮನ್ನು ನೋಡಿಕೊಳ್ತಾಳೆ. ನಾನು ಹೋಗಿ ಬರ್ತೇನೆ."

ಅವಳು ಹೇಳಿದ್ದು ಸುಳ್ಳಾಗಿದ್ದರೆ ವಾದ ಮಾಡಬಹುದಿತ್ತು. "ಮಂಗನ ಟೋಪಿ ನನ್ನದು ಬೇಡ, ಅದು ವಾಸನೆ ಬರ್ತದೆ" ಎಂದಷ್ಟೇ ಹೇಳಿದೆ.

ಅವಳು ವಿಶ್ವಣ್ಣ, ಲಲಿತಕ್ಕನ ಜೊತೆ ಹೊರಟೇಬಿಟ್ಟಳು. ನಾಲ್ಕನೇ ದಿನ ಫೋನ್ ಬಂತು. "ಬಂದು ಮುಟ್ಟಿದೆವು. ಚಳಿ ಉಂಟು. ಆದ್ರೆ ಇಲ್ಲಿ ಹಿಮ ಇಲ್ಲ. 'ಬಿದ್ದರೆ ಬಿದ್ದೀತು, ಬರೀ ಹಿಮಕ್ಕಾಗಿ ಬರುವುದಾದರೆ ಜನವರಿಯಲ್ಲಿ ಬನ್ನಿ' ಅಂತ ಮಾಲೀಕರು ನಿಮಗೆ ಐದು ನಿಮಿಷ ಬಿಡಿಸಿ ಹೇಳಿದ್ದಂತೆ. ನೀವು 'ಹಾಂ ಜೀ' ಅಂದಿರಂತೆ."

ನನಗೆ ನಾಚಿಕೆಯಾಗಬೇಕಿತ್ತು. ಆದರೆ, ದೇವರ ಆಣೆ, ಒಳಗೊಳಗೇ ಸಂತೋಷವಾಯಿತು! ನಾನು ಆರಿಸಿದ ಜಾಗ ಎಷ್ಟು ಅಪರಿಚಿತವೆಂದರೆ ಹಿಮಕ್ಕೂ ಅದರ ವಿಳಾಸ ಗೊತ್ತಿರಲಿಲ್ಲ. ನೋಡಿಕೊಳ್ಳಲು ಬಂದ ಅತ್ತಿಗೆಯ ಹತ್ತಿರ ಅಂದು ಎರಡು ದೋಸೆ ಹೆಚ್ಚು ಕೇಳಿ ತಿಂದೆ.

ಎರಡು ದಿನ ಕಳೆದು ಹಿಮ ವಿಳಾಸ ಹುಡುಕಿಕೊಂಡು ಬಂತು. ಇಡೀ ರಾತ್ರಿ ಬಿತ್ತಂತೆ. ಮರುದಿನ ನನ್ನ ಫೋನಿಗೆ ಒಂದು ವಿಡಿಯೋ ಬಂತು. ಬಿಳಿ ಇಳಿಜಾರು. ಅದರ ಮೇಲಿನಿಂದ ಹಳದಿ ರೈನ್‌ಕೋಟು ತೊಟ್ಟ ಒಂದು ಆಕೃತಿ ಮೊಣಕಾಲು ಮಡಚಿ, ಮೆಲ್ಲ ಎಡಕ್ಕೆ, ಮೆಲ್ಲ ಬಲಕ್ಕೆ ಬಾಗುತ್ತಾ ಇಳಿದು ಬರುತ್ತಿತ್ತು. ಹತ್ತಿರ ಬಂದು, ಸರಿಯಾಗಿ ಕ್ಯಾಮೆರಾದ ಮುಂದೆ ನಿಂತಿತು. ನಿಂತಿತು! ಸ್ವಂತ ಇಚ್ಛೆಯಿಂದ! ಮುಖದ ತುಂಬ ನಗು. ಶೈಲಜೆ ಎಂದರೆ ಪರ್ವತದ ಮಗಳು ಎಂದು ಶಾಲೆಯಲ್ಲಿ ಕಲಿತದ್ದು ಆಗ ನೆನಪಾಯಿತು. ಅಷ್ಟು ನಗುವುದನ್ನು ನಾನು ಇಪ್ಪತ್ತೈದು ವರ್ಷದಲ್ಲಿ ಕಂಡಿರಲಿಲ್ಲ. ವಿಡಿಯೋವನ್ನು ಹನ್ನೊಂದು ಸಲ ನೋಡಿದೆ.

"ಹೇಗೆ ಕಲಿತೆ?" ಎಂದು ಫೋನಿನಲ್ಲಿ ಕೇಳಿದೆ.

"ಹತ್ತು ಸಲ ಬಿದ್ದೆ. ಬೀಳ್ಲಿಕ್ಕೆ ಇಲ್ಲಿ ಮೆತ್ತಗೆ ಉಂಟು. ಮತ್ತೆ, ನಿಲ್ಲಿಸುವುದು ಹೇಗೆ ಅಂತ ಹೊರಡುವ ಮೊದಲೇ ಕೇಳಿಕೊಂಡೆ."

"ವಿಶ್ವಣ್ಣ?"

"ಮೂರು ಕಂಬಳಿ ಹೊದ್ದು ಕೋಣೆಯಲ್ಲಿದ್ದಾರೆ. ಎಲ್ಲರ ಶೂ ಚಂದ ಮಾಡಿ ಜೋಡಿಸಿ ಇಟ್ಟಿದ್ದಾರೆ."

ಜನವರಿಯ ಕೊನೆಗೆ ಪ್ಲಾಸ್ಟರ್ ತೆಗೆಸಲು ಅವಳೊಂದಿಗೆ ಕಾಸರಗೋಡಿನ ಆಸ್ಪತ್ರೆಗೆ ಹೋದೆ. ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತಿದ್ದ, ಮುಖಪರಿಚಯದ ಅಜ್ಜನೊಬ್ಬರು ನನ್ನ ಕಾಲನ್ನು ನೋಡಿ, "ಎಂತ ಆದದ್ದು ಭಟ್ರೇ?" ಎಂದು ವಿಚಾರಿಸಿದರು.

ಮನುಷ್ಯನ ನಾಲಿಗೆಗೆ ಎಲುಬಿಲ್ಲ. ಇದ್ದಿದ್ದರೆ ಅದಕ್ಕೂ ಪ್ಲಾಸ್ಟರ್ ಬೇಕಾಗುತ್ತಿತ್ತು. "ಸ್ಕೀಯಿಂಗ್" ಎಂದೆ ನಾನು, ದೂರದ ಗೋಡೆಯನ್ನು ನೋಡುತ್ತಾ. "ಹಿಮಾಚಲದಲ್ಲಿ ಒಂದು ಸಣ್ಣ ಜಾಗ. ನೀವು ಹೆಸರು ಕೇಳಿರ್ಲಿಕ್ಕಿಲ್ಲ. ಇಳಿಜಾರು ಸ್ವಲ್ಪ ಅಪಾಯದ್ದು."

"ದೇವರೇ!" ಎಂದರು ಅಜ್ಜ. ಬೆಂಚಿನಲ್ಲಿದ್ದ ನಾಲ್ಕೈದು ಜನ ಹತ್ತಿರ ಸರಿದರು. ಒಬ್ಬರು ಎತ್ತರ ಎಷ್ಟು ಎಂದು ಕೇಳಿದರು. ನಾನು ಮಾತಿಲ್ಲದೆ ಕೈಯೆತ್ತಿ ಛಾವಣಿ ತೋರಿಸಿದೆ. ಶೈಲಜಾ ತನ್ನ ಚೀಲದೊಳಗೆ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದಳು. ಗಾಳಿಯ ವೇಗದ ವಿವರಣೆಗೆ ನಾನು ತೊಡಗಿದ್ದೆನಷ್ಟೆ. ಬಾಗಿಲು ತೆರೆದು ನರ್ಸ್ ಹೊರಗೆ ಬಂದು, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗಿದಳು:

"ಗಣಪತಿ ಭಟ್! ಐಸ್ ಪ್ಲಾಂಟಲ್ಲಿ ಮೀನಿನ ಮೇಲೆ ಬಿದ್ದವರು ಯಾರು? ಬೇಗ ಬನ್ನಿ!"

ಹತ್ತಿರ ಸರಿದಿದ್ದವರು ಮೆಲ್ಲ ಮೊದಲಿನ ಜಾಗಕ್ಕೆ ಸರಿದರು. ನಾನು ಊರುಗೋಲು ಹಿಡಿದು ಎದ್ದೆ. ಅಜ್ಜ ತಮ್ಮ ಕಾಲನ್ನು ಬದಿಗೆ ಎಳೆದು ದಾರಿ ಬಿಟ್ಟು, ತುಂಬಾ ಮರ್ಯಾದೆಯಿಂದ ಹೇಳಿದರು:

"ಮೆಲ್ಲ ಹೋಗಿ ಭಟ್ರೇ. ಈಗಷ್ಟೇ ನೆಲ ಒರೆಸಿದ್ದಾರೆ."