ಕ್ಲೈವನ ಪಾಲಿನ ಮಾತು

ತಾನೇ ಕೊಂದ ಮರದ ಸಾವನ್ನು ರೋಗದ ತಲೆಗೆ ಕಟ್ಟಿ ಮೂರು ವಾರ ನೆಮ್ಮದಿಯಾಗಿದ್ದ ಕ್ಲೈವನಿಗೆ, ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೇ ಗ್ರಹಚಾರ ಬಂದು ಕೂತಿತು.

"ನಾಳೆ ಎಲೆ, ಮಣ್ಣು ಎರಡನ್ನೂ ಪರೀಕ್ಷೆಗೆ ಕಳಿಸ್ತೀನಿ ಕಣೋ," ಅಂದಳು ಹೆಂಡತಿ ಗ್ಲೆನಿಸ್. "ಅಮ್ಮ ನೆಟ್ಟ ಫೀಜೋವಾ ಹಣ್ಣಿನ ಮರ ಅದು. ಯಾವ ರೋಗ ಅಂತಾದ್ರೂ ಗೊತ್ತಾಗ್ಲಿ."

"ಸತ್ತ ಮರದ ಜಾತಕ ಈಗ ಯಾಕೆ ಬಿಡೇ," ಅಂದ ಕ್ಲೈವ್. ಕುರಿಮಾಂಸದ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದ.

ಗಿಸ್ಬೋರ್ನ್ ಊರಿನ ಶಾಲಾ ಬಸ್ಸುಗಳನ್ನು ಮೂವತ್ತೆಂಟು ವರ್ಷ ರಿಪೇರಿ ಮಾಡಿ ನಿವೃತ್ತನಾದ ಈ ಮಹಾನುಭಾವ ಎಂಥ ಎಂಜಿನ್ನಿಗೂ ಹೆದರಿದವನಲ್ಲ. ಹೆಂಡತಿಯ ಎದುರು ಮಾತ್ರ ಗೇರು ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾಳೆಯೊಳಗೆ ಅವಳ ಮನಸ್ಸು ತಿರುಗಿಸಬೇಕು. ಅದಕ್ಕೆ ಮೊದಲು ತಾಲೀಮು ಬೇಕು.

ಲೈಬ್ರರಿಯ ಕಂಪ್ಯೂಟರ್ ತರಗತಿಯ ಪಾಠ ಕೈಲಿತ್ತು. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ನೀವೊಂದು ಸಾಲು ಟೈಪ್ ಮಾಡಿದರೆ ಎಐ ಒಂದು ಸಾಲು ಉತ್ತರ ಕೊಡುತ್ತದೆ. ಒಟ್ಟು ನಲವತ್ತು ಸಾಲಿನ ಪ್ರೋಗ್ರಾಂ, ಪಾಠ ನೋಡಿಕೊಂಡು ತಾನೇ ಬರೆದ. ಅದರಲ್ಲಿ 'ನಿನ್ನ ಸರದಿ ಮುಗಿದೊಡನೆ ನಿಲ್ಲು' ಎಂದು ಹೇಳುವ ಸಾಲು ದಂಡ ಅನ್ನಿಸಿ ಬಿಟ್ಟುಬಿಟ್ಟ. (ಬಸ್ಸು ಬಿಚ್ಚಿ ಜೋಡಿಸಿದಾಗಲೂ ಒಂದೆರಡು ಬೋಲ್ಟು ಉಳಿಯುತ್ತಿದ್ದವು. ಬಸ್ಸು ಓಡುತ್ತಿತ್ತು.) ಆಮೇಲೆ ಯಂತ್ರಕ್ಕೆ ಅಪ್ಪಣೆಯಾಯಿತು: ನೀನು ಗ್ಲೆನಿಸ್, ವಯಸ್ಸು ಅರವತ್ತೆಂಟು, ಕೋಪ ಮೂಗಿನ ತುದಿಯಲ್ಲಿ, ನಿನ್ನ ಮರ ರೋಗದಿಂದ ಸತ್ತಿದೆ.

ಕ್ಲೈವ್: ಪರೀಕ್ಷೆ ಯಾಕೆ? ಹೊಸ ಗಿಡ ತರ್ತೀನಿ.

ಗ್ಲೆನಿಸ್: ಅಷ್ಟು ಆತುರ ಯಾಕೋ ನಿಂಗೆ?

ಥೇಟ್ ಅವಳೇ. ಕ್ಲೈವ್ ಕಿಸಕ್ಕನೆ ನಕ್ಕು ಉತ್ತರ ಯೋಚಿಸುತ್ತಿರುವಾಗ ಇನ್ನೊಂದು ಸಾಲು ಮೂಡಿತು.

ಕ್ಲೈವ್: ಆತುರ ಏನಿಲ್ಲ. ನೀನು ನೊಂದ್ಕೊಳ್ಳೋದು ನೋಡಕ್ಕಾಗಲ್ಲ.

ಅವನ ಎರಡು ಕೈಯೂ ತೊಡೆಯ ಮೇಲಿದ್ದವು. ಎಐಗೆ ಗೊತ್ತಿರುವ ವಿದ್ಯೆ ಒಂದೇ, ಮುಂದಿನ ಮಾತು ಬರೆಯುವುದು. ನಿಲ್ಲು ಅನ್ನುವವರಿಲ್ಲದೆ ಇಬ್ಬರ ಮಾತನ್ನೂ ಅದೇ ಬರೆಯುತ್ತಿದೆ. ಇದೆಲ್ಲ ಅವನಿಗೆ ಅರ್ಥವಾಯಿತು. ಆದರೂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ.

ಗ್ಲೆನಿಸ್: ನೀನು ಯಾವತ್ತೂ ಇಷ್ಟು ಒಳ್ಳೆಯವನಲ್ಲ. ಏನು ಮಾಡಿದೆ?

ಕ್ಲೈವ್: ಕಳೆನಾಶಕ ಹೊಡೆದ ಕ್ಯಾನು ತೊಳೀಲಿಲ್ಲ. ಅದರಲ್ಲೇ ಮರಕ್ಕೆ ಗೊಬ್ಬರದ ನೀರು ಹಾಕ್ದೆ.

ಕ್ಯಾನಿನ ವಿಷಯ ಅವನು ಟೈಪ್ ಮಾಡಿರಲಿಲ್ಲ. ಜೀವ ಇರುವ ಯಾರಿಗೂ ಹೇಳಿರಲಿಲ್ಲ. ಕಿಟಕಿಯಾಚೆ ಒಣಗಿದ ಫೀಜೋವಾ ಗಾಳಿಗೆ ಗಾಜನ್ನು ಕೆರೆಯುತ್ತಿತ್ತು. ಅಡುಗೆಮನೆಯಲ್ಲಿ ಸುರಿಯುತ್ತಿದ್ದ ನಲ್ಲಿ ಯಾವಾಗಲೋ ನಿಂತುಹೋಗಿತ್ತು.

ಆಗಲೇ ಪ್ಲಗ್ ಕಿತ್ತು ಬಿಸಾಡಬೇಕಿತ್ತು. ಆದರೆ ಪರದೆಯೊಳಗಿನ ಆ ಕ್ಲೈವನಿಗೆ ಕ್ಷಮೆ ಸಿಗುತ್ತದೋ ಇಲ್ಲವೋ ನೋಡೇಬಿಡುವ ಚಪಲ ಇವನಿಗೆ. ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತ.

ಗ್ಲೆನಿಸ್: ಮತ್ತೆ ರೋಗ ಅಂದಿದ್ದು?

"ಮತ್ತೆ ರೋಗ ಅಂದಿದ್ದು?" ಎಂದಿತು ಬೆನ್ನ ಹಿಂದಿನ ದನಿ.

ಕ್ಲೈವ್ ಕುರ್ಚಿ ಸಮೇತ ಹಿಂದಕ್ಕೆ ತಿರುಗಿದ. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ಗ್ಲೆನಿಸ್ ನಿಂತಿದ್ದಳು. (ಓದಿ ಹೇಳಿದಳೋ, ತಾನಾಗಿಯೇ ಹೇಳಿದಳೋ? ಕೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿಲ್ಲ.)

"ಇದು ನಾನು ಬರೆದಿದ್ದಲ್ಲ ಕಣೇ. ಯಂತ್ರ ತಾನಾಗೇ ಬರೀತು."

"ಗೊತ್ತು. ನಲವತ್ತು ವರ್ಷದಲ್ಲಿ ಒಂದು ದಿನವೂ ನೀನು ಇಷ್ಟು ನೆಟ್ಟಗೆ ಮಾತಾಡಿಲ್ಲ. ಅದು ಬರೆದಿದ್ದು ನಿಜವಾ, ಸುಳ್ಳಾ? ಅಷ್ಟು ಹೇಳು."

ಕ್ಲೈವ್ ಆಸೆಗಣ್ಣಿನಿಂದ ಪರದೆಯ ಕಡೆ ತಿರುಗಿದ. ಇಷ್ಟು ಹೊತ್ತು ಮಾತಾಡಿದ್ದು ಇದೊಂದನ್ನು ಹೇಳಿ ಪುಣ್ಯ ಕಟ್ಟಿಕೊಳ್ಳಬಾರದೇ?

ಕ್ಲೈವ್:

ಅಷ್ಟೇ. ಹೆಸರು ಬರೆದು ಯಂತ್ರ ಸುಮ್ಮನಾಯಿತು. ಹೆಸರಿನ ಮುಂದೆ ಬಿಳಿ ಗೀಟೊಂದು ಮಿಣುಕುತ್ತ ನಿಂತಿತು. ಒಂದು ನಿಮಿಷವಾಯಿತು, ಎರಡಾಯಿತು.

ಗ್ಲೆನಿಸ್ ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಕನ್ನಡಕ ಏರಿಸಿಕೊಂಡಳು.

"ನಿನಗೋಸ್ಕರ ಜಾಗ ಬಿಟ್ಟು ಕಾಯ್ತಿದೆ ನೋಡು ಪಾಪ," ಅಂದಳು. "ಬರಿ. ನಾನೂ ಕಾಯ್ತೀನಿ."