ಎರಡು ಕಾಲಿಗೂ ಸಮಪಾಲು

ಮನುಷ್ಯನಿಗೆ ಎರಡು ಕಾಲುಗಳಿದ್ದು, ಅವೆರಡೂ ಸಮಾನ ಹಕ್ಕುಳ್ಳವು ಎಂಬುದನ್ನು ದೊಡ್ಡಾಸ್ಪತ್ರೆಯ ಪಾದರಕ್ಷಾ ವಿಭಾಗ ಬಹಳ ಹಿಂದೆಯೇ ಇತ್ಯರ್ಥಪಡಿಸಿದೆ. ಡ್ರಿಲ್ ಮೇಷ್ಟ್ರು ಇದು ತಿಳಿಯದೆ ಅಲ್ಲಿಗೆ ಹೋದರು.

ಜೀವಮಾನವಿಡೀ ಮಕ್ಕಳಿಗೆ ಲೆಫ್ಟ್-ರೈಟ್ ಹೇಳಿಕೊಟ್ಟ ಜೀವ. ಸವೆದ ಸೊಂಟದ ಕೀಲು ತೆಗೆದು ಹೊಸದು ಕೂರಿಸಿದ ಮೇಲೆ ನೋವೇನೋ ಹೋಯಿತು. ಆದರೆ ಬಲಗಾಲು ಎಡಗಾಲಿಗಿಂತ ಬೆರಳಗಲ ಉದ್ದವಾಗಿ, ಹೆಜ್ಜೆ ಇಟ್ಟಾಗಲೆಲ್ಲ ದೇಹ ಎಡಕ್ಕೆ ವಾಲತೊಡಗಿತು. ಕುಂಟುವವರು ಕವಾಯತು ಮಾಡಿಸುವುದು ಹೇಗೆ? ಶಾಲೆಯವರು ಅವರನ್ನು ಗ್ರಂಥಾಲಯದಲ್ಲಿ ಕೂರಿಸುವ ಮಾತಾಡುತ್ತಿದ್ದರು. ಅದನ್ನು ಕೇಳಿದಂದಿನಿಂದ ಮೇಷ್ಟ್ರಿಗೆ ಅನ್ನ ಸೇರುತ್ತಿರಲಿಲ್ಲ.

"ಎಡಬೂಟಿನೊಳಗೆ ಒಂದು ಅಟ್ಟೆ ಹಾಕಿ, ಸರಿಹೋಗುತ್ತೆ," ಎಂದರು ಡಾಕ್ಟರು.

ಪಾದರಕ್ಷಾ ವಿಭಾಗದ ಮುಖ್ಯಸ್ಥರು ಚೀಟಿ ನೋಡಿ ನಕ್ಕರು. "ಒಂದೇ ಅಟ್ಟೆನಾ? ನಾವು ಜೋಡಿಯಾಗಿ ಮಾತ್ರ ಕೊಡೋದು ಸಾರ್."

"ಗಿಡ್ಡ ಇರೋದು ಎಡಗಾಲು ಮಾತ್ರ."

"ಬಲಗಾಲು ಏನು ಪಾಪ ಮಾಡಿತ್ತು? ತಾರತಮ್ಯಕ್ಕೆ ಇಲ್ಲಿ ಅವಕಾಶ ಇಲ್ಲ."

ಅಟ್ಟೆ ಸರಬರಾಜು ಮಾಡುತ್ತಿದ್ದವನು ಮುಖ್ಯಸ್ಥರ ಭಾಮೈದ, ಜೋಡಿಗಿಷ್ಟೆಂದು ದರ. ಇದಕ್ಕೂ ಆ ನಿಯಮಕ್ಕೂ ಯಾವ ಸಂಬಂಧವೂ ಇಲ್ಲವೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಲಾಗಿತ್ತು.

ಎರಡೂ ಬೂಟಿಗೆ ಅಟ್ಟೆ ಅಂಟಿಸಿಕೊಂಡು ಮೇಷ್ಟ್ರು ಮನೆಗೆ ಬಂದರು, ಮೊದಲಿನಷ್ಟೇ ಕುಂಟುತ್ತ, ತುಸು ಎತ್ತರದಲ್ಲಿ.

"ನಿಮ್ಮ ಬುದ್ಧಿಗಿಷ್ಟು!" ಎಂದ ಹೆಂಡತಿ ಚಾಕು ತಂದು ಬಲಬೂಟಿನ ಅಟ್ಟೆ ಕಿತ್ತು ಬಿಸಾಕಿದಳು. "ಈಗ ನಡೀರಿ ನೋಡೋಣ."

ಮೇಷ್ಟ್ರು ಅಡುಗೆಮನೆಯಿಂದ ಬೀದಿಬಾಗಿಲವರೆಗೆ ನಡೆದರು. ತಿರುಗಿ ಬಂದರು. ಸುಮ್ಮನೆ ಇನ್ನೊಮ್ಮೆ ಹೋದರು. ಕಣ್ಣು ತುಂಬಿ ಬಂತು. "ಲೇ, ನೋಡೇ! ವಾಲ್ತಾನೇ ಇಲ್ಲ!"

ಆದರೆ ಶಿಸ್ತಿನ ಮನುಷ್ಯ. ತಪಾಸಣೆಗೆ ಬನ್ನಿ ಎಂದ ದಿನ ತಪ್ಪದೆ ಹೋದರು. ನೆಟ್ಟಗೆ ನಡೆದು ಬಂದವರನ್ನು ಕಂಡು ಮುಖ್ಯಸ್ಥರ ಮುಖ ಕಪ್ಪಿಟ್ಟಿತು.

"ನೀವು ನಿಯಮಬಾಹಿರವಾಗಿ ಗುಣ ಆಗಿದ್ದೀರಿ ಸಾರ್. ಇದು ಲೆಕ್ಕಕ್ಕೆ ಬರಲ್ಲ."

ಕೂಡಲೇ ಕಿತ್ತ ಅಟ್ಟೆಯ ಜಾಗಕ್ಕೆ ಹೊಸದನ್ನು ಹಾಕಿ ಬಲಗಾಲಿಗಾದ ಅನ್ಯಾಯವನ್ನು ಸರಿಪಡಿಸಲಾಯಿತು. ಮನನೊಂದ ಆ ಕಾಲಿನ ಸಮಾಧಾನಕ್ಕೆ ಮತ್ತೊಂದು ಅಟ್ಟೆ; ಎಡಗಾಲು ಮುನಿಸಿಕೊಳ್ಳಬಾರದೆಂದು ಅದಕ್ಕೂ ಮತ್ತೊಂದು. ಕೀಳದ ಹಾಗೆ ಮೊಳೆ ಹೊಡೆದರು. ಅನಧಿಕೃತವಾಗಿ ನೆಟ್ಟಗೆ ನಡೆಯುವವರಿಗೆ ಮುಂದೆ ಚಿಕಿತ್ಸೆ ಇಲ್ಲವೆಂದೂ ಎಚ್ಚರಿಸಿದರು. ಅವರದೇ ಆಸ್ಪತ್ರೆ ಕೂರಿಸಿದ ಕೀಲನ್ನು ಮೈಯೊಳಗೆ ಇಟ್ಟುಕೊಂಡು ಅವರ ಜತೆಗೇ ಜಗಳ ಆಡಲಾದೀತೇ? ಮೇಷ್ಟ್ರು ಬೂಟು ಹಾಕಿಕೊಂಡು ಮತ್ತೆ ಕುಂಟುತ್ತ ಹೊರಟರು.

"ರೋಗಿಯು ಗಣನೀಯವಾಗಿ ಮೇಲೆ ಬಂದಿರುತ್ತಾರೆ," ಎಂದು ವಿಭಾಗ ದೃಢೀಕರಿಸಿತು. ಆ ಮಾತಿನ ಬಲದ ಮೇಲೆ ಶಾಲೆ ಅವರನ್ನು ಮೈದಾನಕ್ಕೆ ಬಿಟ್ಟುಕೊಂಡಿತು. ಮೇಷ್ಟ್ರು ಮುಂದೆ, ಮಕ್ಕಳು ಹಿಂದೆ. ಮೇಷ್ಟ್ರು ಎಡಕ್ಕೆ ವಾಲಿದರೆ ಇಡೀ ಸಾಲೇ ಗಾಳಿಗೆ ಬಾಗಿದ ಪೈರಿನಂತೆ ವಾಲಿತು. ನೋಡಲು ಬಂದ ಮೇಲಧಿಕಾರಿಗಳು "ಎಂಥ ಒಗ್ಗಟ್ಟು!" ಎಂದು ಬೆರಗಾಗಿ, ಅದನ್ನೇ ಅಧಿಕೃತ ನಡಿಗೆಯೆಂದು ಘೋಷಿಸಿದರು. ಮಕ್ಕಳಿಂದ ಅಪ್ಪಂದಿರಿಗೆ, ಅಪ್ಪಂದಿರಿಂದ ಕಚೇರಿಗಳಿಗೆ ಅದು ಹಬ್ಬಿತು.

ಈಗ ಪೇಟೆಬೀದಿಯಲ್ಲಿ ತೊಂದರೆ ಇದ್ದದ್ದು ಮೇಷ್ಟ್ರ ಹೆಂಡತಿಗೆ ಮಾತ್ರ.

"ಯಾಕಕ್ಕಾ, ಕಾಲಿಗೇನಾಯ್ತು? ಇಷ್ಟು ನೆಟ್ಟಗೆ ನಡೀತಿದ್ದೀರಲ್ಲ!" ಎಂದು ಎದುರು ಸಿಕ್ಕವರೆಲ್ಲ ಮರುಗುವರು. ಮೊದಮೊದಲು ಬೈದಳು. ಆಮೇಲೆ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಳು. ಕೊನೆಗೊಂದು ಬೆಳಿಗ್ಗೆ ಗಂಡನ ತೋಳು ಹಿಡಿದು ಪಾದರಕ್ಷಾ ವಿಭಾಗದ ಸಾಲಿನಲ್ಲಿ ನಿಂತಳು.

ಮುಖ್ಯಸ್ಥರು ಅವಳ ಕಾಲುಗಳನ್ನು ಅಳೆದರು, ಮತ್ತೆ ಅಳೆದರು, ನಿಟ್ಟುಸಿರುಬಿಟ್ಟರು.

"ತಡವಾಗಿ ಬಂದ್ರಿ ತಾಯಿ. ಎರಡೂ ಪೂರ್ತಿ ಸಮ ಇವೆ. ಇದಕ್ಕೆ ಆಪರೇಷನ್ನೇ ಆಗ್ಬೇಕು."

"ಆಗಲಿ ಸಾರ್," ಎಂದಳು ಅವಳು, "ಯಾವತ್ತು ಬರಲಿ?"